ಸಿನಗಾಗಿನ ಗೋಡೆಯಲ್ಲಿ ಚಿತ್ರ: ಒಂದು ಹಳೆಯ ನಂಬಿಕೆ ಬಿದ್ದ ಬಗೆ

ಯೆಹೂದಿಗಳು ಚಿತ್ರ ಬರೆಯುವವರಲ್ಲ ಎಂಬ ಮಾತು ಸುಮಾರು ನೂರು ವರ್ಷದ ಹಿಂದಿನವರೆಗೂ ಪಂಡಿತರ ನಡುವೆ ಗಟ್ಟಿಯಾಗಿ ಕೂತಿತ್ತು. ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. ಮೋಶೆಯ ಹತ್ತು ಆಜ್ಞೆಗಳಲ್ಲೇ ವಿಗ್ರಹ ಮಾಡಬೇಡಿ, ಅದಕ್ಕೆ ಅಡ್ಡಬೀಳಬೇಡಿ ಎಂದಿದೆ. ಮೊದಮೊದಲ ಕ್ರೈಸ್ತರಿಗೂ ಅದೇ ಆಜ್ಞೆ. ಹಾಗಾಗಿ ಅವರೂ ಶುರುವಿನಲ್ಲಿ ಚಿತ್ರದಿಂದ ದೂರವಿದ್ದರು, ರೋಮನ್ ಜನ ಆ ಮತಕ್ಕೆ ಸೇರುತ್ತಾ ಹೋದಂತೆ ಚಿತ್ರವೂ ಒಳಗೆ ಬಂತು ಎಂದು ಬಹಳಷ್ಟು ಮಂದಿ ನಂಬಿದ್ದರು.

ಇದನ್ನು ತಲೆಕೆಳಗು ಮಾಡಿದ್ದು ಸಿರಿಯಾದಲ್ಲಿ, ಯೂಫ್ರೆಟಿಸ್ ದಡದಲ್ಲಿರುವ ದುರಾ-ಯೂರೋಪಸ್ ಎಂಬ ಹಾಳೂರು. 1920ರಲ್ಲಿ ಬ್ರಿಟಿಷ್ ಸೈನಿಕರು ಅಲ್ಲಿ ಕಂದಕ ತೋಡುತ್ತಿದ್ದಾಗ ಬಣ್ಣ ಬಳಿದ ಗೋಡೆ ಕಾಣಿಸಿತು. 1928ರಿಂದ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರೂ ಫ್ರೆಂಚ್ ವಿದ್ವಾಂಸರೂ ಸೇರಿ ಅಗೆದರು. 1931-32ರ ಅಗೆತದಲ್ಲಿ ಕ್ರೈಸ್ತರು ಪ್ರಾರ್ಥನೆಗೆ ಸೇರುತ್ತಿದ್ದ ಮನೆ ಸಿಕ್ಕಿತು. 1932ರ ನವೆಂಬರಿನಲ್ಲಿ ಸಿನಗಾಗ್, ಅಂದರೆ ಯೆಹೂದಿಗಳ ಪ್ರಾರ್ಥನಾ ಮಂದಿರ ಸಿಕ್ಕಿತು.

ಇವೆರಡೂ ಉಳಿದದ್ದು ಒಂದು ಯುದ್ಧದ ದೆಸೆಯಿಂದ. ಕ್ರಿ.ಶ. 256ರ ಹೊತ್ತಿಗೆ ಪರ್ಷಿಯಾದ ಸಸಾನಿಯನ್ ಸೈನ್ಯ ಊರಿಗೆ ಮುತ್ತಿಗೆ ಹಾಕಿತು. ಪಶ್ಚಿಮದ ಕೋಟೆಗೋಡೆ ಕುಸಿಯದಿರಲಿ ಎಂದು ಒಳಗಿನವರು ಅದರ ಪಕ್ಕದ ಕಟ್ಟಡಗಳಿಗೆಲ್ಲ ಮಣ್ಣು ತುಂಬಿಸಿದರು. ಊರಂತೂ ಉಳಿಯಲಿಲ್ಲ. ಮಣ್ಣಿನಡಿ ಚಿತ್ರಗಳು ಉಳಿದವು.

ಸಿನಗಾಗಿನ ಗೋಡೆಗಳ ಮೇಲೆ ಸಾಲುಸಾಲಾಗಿ ಬೈಬಲ್ ಕಥೆಗಳಿವೆ. ಎಳೆಗೂಸು ಮೋಶೆಯನ್ನು ನೈಲ್ ನದಿಯಿಂದ ಎತ್ತುತ್ತಿದ್ದಾರೆ. ಇಸ್ರೇಲರು ಕೆಂಪು ಸಮುದ್ರ ದಾಟುತ್ತಿದ್ದಾರೆ. ಪ್ರವಾದಿ ಸಮುವೇಲ ದಾವೀದನಿಗೆ ಅಭಿಷೇಕ ಮಾಡುತ್ತಿದ್ದಾನೆ. ಒಣಗಿದ ಎಲುಬುಗಳ ಕಣಿವೆಯಲ್ಲಿ ಯೆಹೆಜ್ಕೇಲ ನಿಂತಿದ್ದಾನೆ, ಸತ್ತವರು ಎದ್ದು ಬರುತ್ತಿದ್ದಾರೆ. ದೇವರ ಮುಖ ಮಾತ್ರ ಎಲ್ಲೂ ಇಲ್ಲ. ಮೇಲಿನಿಂದ ಚಾಚಿದ ಒಂದು ಕೈ ಅಷ್ಟೇ. ಆಜ್ಞೆಯನ್ನು ಈ ಜನ ಮರೆತಿರಲಿಲ್ಲ, ತಮ್ಮದೇ ರೀತಿಯಲ್ಲಿ ಪಾಲಿಸಿದ್ದರು ಎಂದೇ ನನಗೆ ಅನಿಸುತ್ತದೆ. ಛಾವಣಿಯ ಹೆಂಚಿನ ಮೇಲೆ ಬರೆದ ವರ್ಷ ಲೆಕ್ಕ ಹಾಕಿದರೆ ಕ್ರಿ.ಶ. 244-45 ಆಗುತ್ತದೆ. ಅಂದರೆ ಈ ಕಟ್ಟಡ ಬಳಕೆಯಲ್ಲಿದ್ದದ್ದು ಹತ್ತು ವರ್ಷಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ.

ಅದೇ ಬೀದಿಯಲ್ಲಿ ಸ್ವಲ್ಪ ದೂರ ನಡೆದರೆ ಕ್ರೈಸ್ತರ ಮನೆ. ಅದು ಮೊದಲು ಯಾರೋ ವಾಸವಿದ್ದ ಮನೆಯೇ. ನಡುವಿನ ಒಂದು ಗೋಡೆ ಒಡೆದು ಸಭೆಗೆ ಜಾಗ ಮಾಡಿಕೊಂಡರು, ಒಂದು ಚಿಕ್ಕ ಕೋಣೆಯನ್ನು ದೀಕ್ಷಾಸ್ನಾನಕ್ಕೆ ಇಟ್ಟುಕೊಂಡರು. ಅಲ್ಲಿ ಕುರಿ ಹೊತ್ತ ಕುರುಬ, ಬಾವಿಯ ಬಳಿ ಸಮಾರ್ಯದ ಹೆಂಗಸು, ವಾಸಿಯಾಗಿ ಹಾಸಿಗೆ ಹೊತ್ತು ನಡೆಯುವ ರೋಗಿ ಇದ್ದಾರೆ. ಸಿನಗಾಗಿನ ಮುಂದೆ ಇದು ಬಡ ಕೆಲಸ. ಇಡೀ ಸಭಾಂಗಣಕ್ಕೆ ಚಿತ್ರ ಬರೆಸುವಷ್ಟು ಅನುಕೂಲ ಆ ಊರಲ್ಲಿ ಯೆಹೂದಿಗಳಿಗಿತ್ತು, ಕ್ರೈಸ್ತರಿಗಿರಲಿಲ್ಲ. ಈ ಚಿತ್ರಗಳು ಈಗ ಯೇಲ್‌ನಲ್ಲಿವೆ. ಸಿನಗಾಗಿನವು ಡಮಾಸ್ಕಸ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ. ಅಂದೇ ಬಿಚ್ಚಿ ಸಾಗಿಸಿದ್ದು ಒಳ್ಳೆಯದಾಯಿತು. 2011ರ ನಂತರದ ಯುದ್ಧದಲ್ಲಿ ಕಳ್ಳರು ದುರಾದ ನೆಲವನ್ನು ಗುಂಡಿ ಗುಂಡಿಯಾಗಿ ತೋಡಿಹಾಕಿದ್ದಾರೆ. ಅಲ್ಲಿಂದ ಇನ್ನು ತಿಳಿಯಬಹುದಾಗಿದ್ದ ಎಷ್ಟೋ ಸಂಗತಿ ಹೋಯಿತಲ್ಲ ಎಂದು ನಿಜವಾಗಿಯೂ ಸಂಕಟವಾಗುತ್ತದೆ.

ಚಿತ್ರ ಸಿಕ್ಕ ಮೇಲೂ ಹಳೆಯ ನಂಬಿಕೆ ಸುಲಭವಾಗಿ ಸಾಯಲಿಲ್ಲ. ದುರಾ ರೋಮನ್ ಸಾಮ್ರಾಜ್ಯದ ಗಡಿಯ ಊರು, ಅಲ್ಲಿಯವರು ದಾರಿ ತಪ್ಪಿದವರು ಎಂದು ಕೆಲವರು ವಾದಿಸಿದರು. ಎರ್ವಿನ್ ಗುಡಿನಫ್ ಎಂಬ ವಿದ್ವಾಂಸ 13 ಸಂಪುಟ ಬರೆದು, ಇದು ರಬ್ಬಿಗಳ, ಅಂದರೆ ಯೆಹೂದಿ ಧರ್ಮಗುರುಗಳ ಧರ್ಮಕ್ಕಿಂತ ಬೇರೆಯಾದ, ಅನುಭಾವದ ಯೆಹೂದಿ ಪಂಥ ಎಂದ. ಗುಡಿನಫ್ ಕೂಡಿಹಾಕಿದ ಸಾಮಗ್ರಿ ಇಂದಿಗೂ ಬೇಕು. ಆದರೆ ಆ ವಾದವನ್ನು ಹೆಚ್ಚಿನವರು ಒಪ್ಪಲಿಲ್ಲ.

ಏಕೆಂದರೆ ಗಡಿಯಿಂದ ದೂರದಲ್ಲಿ, ಇಂದಿನ ಇಸ್ರೇಲಿನ ಉತ್ತರಕ್ಕಿರುವ ಗಲಿಲಾಯ ಸೀಮೆಯಲ್ಲೂ ಅದರ ಆಸುಪಾಸಿನಲ್ಲೂ ಚಿತ್ರಗಳು ಸಿಗುತ್ತಾ ಹೋದವು. 1928ರ ಕೊನೆಯಲ್ಲಿ ಬೇತ್ ಆಲ್ಫಾದಲ್ಲಿ ನೀರಿನ ಕಾಲುವೆ ತೋಡುವಾಗ 6ನೇ ಶತಮಾನದ ಸಿನಗಾಗಿನ ಮೊಸಾಯಿಕ್ ನೆಲ, ಅಂದರೆ ಬಣ್ಣದ ಕಲ್ಲಿನ ಚೂರು ಜೋಡಿಸಿ ಚಿತ್ರ ಮಾಡಿದ ನೆಲ ಸಿಕ್ಕಿತ್ತು. ಅದರ ನಡುವೆ ರಾಶಿಚಕ್ರ, ಚಕ್ರದ ನಡುವೆ ನಾಲ್ಕು ಕುದುರೆಯ ರಥದಲ್ಲಿ ಗ್ರೀಕರ ಸೂರ್ಯದೇವ ಹೀಲಿಯಸ್. ಕೆಲಸ ಮಾಡಿದ ಮರಿಯಾನೊಸ್ ಮತ್ತು ಅವನ ಮಗ ಹನೀನಾ ಇಬ್ಬರ ಹೆಸರೂ ನೆಲದಲ್ಲೇ ಇದೆ. ತಿಬೇರಿಯದ ಬಳಿಯ ಹಮ್ಮತ್‌ನಲ್ಲಿ 4ನೇ ಶತಮಾನದ ಇಂಥದೇ ರಾಶಿಚಕ್ರ 1960ರ ದಶಕದಲ್ಲಿ ಹೊರಬಂತು. ತಿಬೇರಿಯ ರಬ್ಬಿಗಳ ದೊಡ್ಡ ಕೇಂದ್ರ. ಅಲ್ಲಿಯವರನ್ನೂ ದಾರಿ ತಪ್ಪಿದವರು ಎನ್ನುವುದು ಹೇಗೆ?

ಆಗ ಹಳೆಯ ಗ್ರಂಥಗಳನ್ನೇ ಮತ್ತೊಮ್ಮೆ ಓದಬೇಕಾಯಿತು. ರಬ್ಬಿಗಳ ಮಾತುಗಳನ್ನು ಕೂಡಿಸಿದ ಮಿಷ್ನಾ ಎಂಬ ಗ್ರಂಥದಲ್ಲಿ ಒಂದು ಪ್ರಸಂಗವಿದೆ. ರಬ್ಬಾನ್ ಗಮಲಿಯೇಲ್ ಎಂಬ ಧರ್ಮಗುರು ಅಕ್ಕೋ ಊರಿನ ಸ್ನಾನಗೃಹಕ್ಕೆ ಹೋಗಿದ್ದ. ಅಲ್ಲಿ ಗ್ರೀಕರ ಅಫ್ರೊಡೈಟಿ ದೇವಿಯ ಮೂರ್ತಿ ಇತ್ತು. ಇಲ್ಲಿ ಸ್ನಾನ ಮಾಡಬಹುದೇ ಎಂದು ಒಬ್ಬ ಕೇಳಿದ. ನಾನು ಅವಳ ಜಾಗಕ್ಕೆ ಬಂದಿಲ್ಲ, ಅವಳೇ ನನ್ನ ಜಾಗಕ್ಕೆ ಬಂದಿದ್ದಾಳೆ ಎಂದು ಗಮಲಿಯೇಲ್ ಉತ್ತರಿಸಿದ. ಮೂರ್ತಿ ಇರುವುದು ಅಲಂಕಾರಕ್ಕೋ ಪೂಜೆಗೋ ಎಂಬುದು ಮುಖ್ಯ ಎನ್ನುವುದು ಆತನ ನಿಲುವು. ಮಿಷ್ನಾದ ಮೇಲಿನ ಚರ್ಚೆಗಳನ್ನು ಕೂಡಿಸಿದ ಯೆರೂಸಲೇಮ್ ತಾಲ್ಮುದ್ ಇನ್ನೂ ನೇರವಾಗಿ ಹೇಳುತ್ತದೆ: ರಬ್ಬಿ ಯೋಹಾನಾನನ ಕಾಲದಲ್ಲಿ ಜನ ಗೋಡೆಗೆ ಚಿತ್ರ ಬರೆಯಲು ತೊಡಗಿದರು, ಅವನು ತಡೆಯಲಿಲ್ಲ. ಈ ಸಾಲು ಮೊದಲಿಂದಲೂ ಅಲ್ಲೇ ಇತ್ತು ಅಲ್ವಾ! ಇನ್ನೊಂದು ಕಡೆ, ಚರ್ಚಿನಲ್ಲಿ ಚಿತ್ರ ಬೇಡ ಎಂದು 4ನೇ ಶತಮಾನದ ಆರಂಭದಲ್ಲಿ ಸ್ಪೇನ್‌ನ ಎಲ್ವಿರಾದಲ್ಲಿ ಸೇರಿದ ಬಿಷಪ್ಪರ ಸಭೆ ನಿಯಮ ಮಾಡಿತು. ಹಿಂಜರಿಕೆಯೂ ಉತ್ಸಾಹವೂ ಎರಡೂ ಸಮುದಾಯಗಳಲ್ಲಿತ್ತು.

ಕಟ್ಟಡಗಳ ವಿಷಯದಲ್ಲೂ ಹೀಗೇ ಆಯಿತು. ಗಲಿಲಾಯದ ಕಪೆರ್ನೌಮ್ ಎಂಬ ಊರಿನ ಬಿಳಿಕಲ್ಲಿನ ಸಿನಗಾಗನ್ನು 20ನೇ ಶತಮಾನದ ಆರಂಭದಲ್ಲಿ ಜರ್ಮನ್ ವಿದ್ವಾಂಸರು 2-3ನೇ ಶತಮಾನದ್ದೆಂದು ಗೊತ್ತುಮಾಡಿದ್ದರು. ಕ್ರೈಸ್ತ ಚಕ್ರವರ್ತಿಗಳ ಕೈಕೆಳಗೆ ಯೆಹೂದಿಗಳು ಇಷ್ಟು ದೊಡ್ಡದು ಕಟ್ಟಿರಲಾರರು ಎಂಬುದು ಅದನ್ನು ಒಪ್ಪಿದವರ ತರ್ಕ. ಹೊಸ ಸಿನಗಾಗ್ ಕಟ್ಟಬಾರದೆಂಬ ಕಾನೂನೂ 5ನೇ ಶತಮಾನದಲ್ಲಿ ಬಂದಿತ್ತು. ಆದರೆ 1968ರಿಂದ ಫ್ರಾನ್ಸಿಸ್ಕನ್ ಪಾದ್ರಿಗಳು ಅಗೆದಾಗ ನೆಲದ ಕೆಳಗೆ ಸಾವಿರಾರು ನಾಣ್ಯ ಸಿಕ್ಕವು. ಬಹಳಷ್ಟು 4ನೇ ಶತಮಾನದ ಕೊನೆಯವು, 5ನೆಯದರವು. ನೆಲದಡಿ ಸಿಕ್ಕ ನಾಣ್ಯಕ್ಕಿಂತ ನೆಲ ಹಳೆಯದಾಗಿರಲು ಸಾಧ್ಯವಿಲ್ಲ. ಕೆಲವೇ ಹೆಜ್ಜೆ ದೂರದಲ್ಲಿ ಯೇಸುವಿನ ಶಿಷ್ಯ ಪೇತ್ರನ ಮನೆ ಎಂದು ನಂಬಿದ ಜಾಗದ ಮೇಲೆ 5ನೇ ಶತಮಾನದ ಎಂಟು ಮೂಲೆಯ ಚರ್ಚ್ ಇದೆ. ಒಂದೇ ಊರಲ್ಲಿ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಎರಡೂ ಎದ್ದಿದ್ದವು. ಕಾನೂನಿನ ಪುಸ್ತಕ ಓದಿ ಜನರ ಬದುಕು ಊಹಿಸಿದ್ದು ಇಲ್ಲಿ ಎಡವಟ್ಟಾಯಿತು.

ಗಲಿಲಾಯದ ಹುಕೋಕ್‌ನಲ್ಲಿ 2011ರಲ್ಲಿ ಪುರಾತತ್ವಜ್ಞೆ ಜೋಡಿ ಮ್ಯಾಗ್ನೆಸ್ ಅವರ ತಂಡ ಅಗೆಯಲು ಶುರುಮಾಡಿತು. ಅಲ್ಲಿನ ಸಿನಗಾಗಿನ ನೆಲದಲ್ಲಿ ಬೈಬಲಿನ ಬಲಶಾಲಿ ಸಂಸೋನ, ಅವನ ಕಥೆಯ ನರಿಗಳು, ರಾಶಿಚಕ್ರ ಎಲ್ಲ ಸಿಕ್ಕಿವೆ. ಒಂದು ಫಲಕದಲ್ಲಿ ಯುದ್ಧದ ಆನೆಗಳ ಜೊತೆ ಒಬ್ಬ ರಾಜ ಇದ್ದಾನೆ. ಅವನು ಅಲೆಕ್ಸಾಂಡರ್ ಎಂದು ಮ್ಯಾಗ್ನೆಸ್ ಹೇಳುತ್ತಾರೆ. ಬೇರೆಯವರು ಅವನು ಅಲೆಕ್ಸಾಂಡರನ ನಂತರ ಸಿರಿಯಾ ಆಳಿದ ಸೆಲ್ಯೂಕಿಡ್ ವಂಶದ ದೊರೆ ಎನ್ನುತ್ತಾರೆ. ಆ ಚರ್ಚೆ ಇನ್ನೂ ಮುಗಿದಿಲ್ಲ.