ಒಳದನಿಗೂ ಸಾಕ್ಷಿ ಕೇಳುತ್ತಿದ್ದರು

ಧ್ಯಾನದ ಆ್ಯಪ್ ಹಾಕಿಕೊಂಡವರಿಗೆ ಗೊತ್ತು, ಬೆಳಿಗ್ಗೆ ಬೆಳಿಗ್ಗೆಯೇ ‘ನಿಮ್ಮ ಒಳದನಿಯನ್ನು ನಂಬಿ’ ಅನ್ನುತ್ತದೆ. ಸೂಫಿಗಳು ಹೇಳಿದ್ದೂ ಇದನ್ನೇ ಅಲ್ವಾ ಅನ್ನಿಸಬಹುದು. ಆದರೆ ಹಳೇ ಸೂಫಿಗಳು ಒಳದನಿಯನ್ನು ಸುಮ್ನೆ ನಂಬಿದವರಲ್ಲ.

ಒಂಬತ್ತನೇ ಶತಮಾನದ ಸಿರಿಯಾದಲ್ಲಿದ್ದ ಅಬೂ ಸುಲೈಮಾನ್ ದಾರಾನಿ, ಏನಾದರೂ ಹೊಳೆದರೆ ಇಬ್ಬರು ಸಾಕ್ಷಿಗಳನ್ನು ಕೇಳುತ್ತಿದ್ದರು: ಕುರಾನ್ ಮತ್ತು ಪ್ರವಾದಿಯ ನಡೆ. ಎರಡೂ ಹೂಂ ಅನ್ನುವ ತನಕ ಒಪ್ಪುತ್ತಿರಲಿಲ್ಲ. ತಟ್ಟನೆ ಹೊಳೆಯುವುದಕ್ಕೆ ಸೂಫಿಗಳ ಪದ ‘ಖಾತಿರ್’. ಅದು ದೇವರಿಂದ ಬರಬಹುದು, ದೇವದೂತನಿಂದ ಬರಬಹುದು. ಸೈತಾನನಿಂದಲೂ ಬರಬಹುದು, ನಮ್ಮದೇ ಆಸೆಬುರುಕ ಮನಸ್ಸಿನಿಂದಲೂ, ಅಂದರೆ ‘ನಫ್ಸ್’ನಿಂದಲೂ ಬರಬಹುದು. ಗುರುತಿಸೋದು ಹೇಗೆ? ಬಾಗ್ದಾದಿನ ಜುನೈದ್ (ನಿಧನ 910) ಕೊಟ್ಟ ಗುರುತು ನನಗೆ ಬಹಳ ಇಷ್ಟ. ನಫ್ಸ್ ಹಟಮಾರಿ, ಕೇಳಿದ್ದನ್ನೇ ಕೇಳುತ್ತದೆ. ಸೈತಾನ ಸೀರೆ ಅಂಗಡಿಯವನ ಥರ (ಹೋಲಿಕೆ ನನ್ನದು), ಒಂದು ಬೇಡ ಅಂದರೆ ಇನ್ನೊಂದು ಬಿಚ್ಚಿ ತೋರಿಸುತ್ತಾನೆ.

ಇನ್ನು ಇಸ್ಲಾಂ ಧರ್ಮಶಾಸ್ತ್ರದ ದೊಡ್ಡ ಪಂಡಿತ ಗಜಾಲಿ. 1091ರಲ್ಲಿ ಬಾಗ್ದಾದಿನ ನಿಜಾಮಿಯಾ ಮದರಸಾದ ದೊಡ್ಡ ಮೇಷ್ಟ್ರಾದರು. ನಾಲ್ಕೇ ವರ್ಷ. 1095ರಲ್ಲಿ ಪಾಠಕ್ಕೆ ಕೂತರೆ ನಾಲಿಗೆ ಹೊರಳಲಿಲ್ಲ. ಗುಟುಕು ಗಂಟಲಲ್ಲಿ ಇಳಿಯದು, ತುತ್ತು ಅರಗದು. ವೈದ್ಯರು ಕೈಚೆಲ್ಲಿದರು. ಕೆಲಸ ಬಿಟ್ಟು ಡಮಾಸ್ಕಸ್‌ಗೆ ಹೋದರು. ಅಲ್ಲಿನ ಮಸೀದಿಯ ಮಿನಾರ್ ಹತ್ತಿ, ಬಾಗಿಲು ಹಾಕಿಕೊಂಡು ಹಗಲೆಲ್ಲ ಕೂರುತ್ತಿದ್ದರು. ಅಮಲು ಅಂದರೇನು ಅಂತ ಬಲ್ಲವನೇ ಬೇರೆ, ಅಮಲೇರಿದವನೇ ಬೇರೆ ಅಂತ ಆಮೇಲೆ ಬರೆದರು. ಆ ಎರಡನೇ ಬಗೆಯ ತಿಳಿವೇ ‘ಜೌಕ್’, ಅಂದರೆ ರುಚಿ. ನಮ್ಮ ‘ಅನುಭಾವ’ ಇದಕ್ಕೆ ಹತ್ತಿರ. ಇಷ್ಟಾದರೂ ನಮಾಜು, ಶರೀಅತ್ (ಇಸ್ಲಾಮಿನ ಕಟ್ಟಳೆ) ಯಾವುದನ್ನೂ ಅವರು ಬಿಡಲಿಲ್ಲ.

ದಾರಿ ಕವಲೊಡೆದದ್ದು ಬಹಳ ತಡವಾಗಿ. 1910ರಲ್ಲಿ ಬರೋಡಾದ ಸಂಗೀತಗಾರ ಇನಾಯತ್ ಖಾನ್ ಅಮೆರಿಕಕ್ಕೆ ಹಡಗು ಹತ್ತಿದರು. (ಇವರ ತಾತ ಮೌಲಾ ಬಖ್ಷ್‌ಗೆ ಮೈಸೂರು ಅರಮನೆಯ ಮನ್ನಣೆ ಸಿಕ್ಕಿತ್ತು.) ಸೂಫಿ ಆಗಲು ಮುಸ್ಲಿಮನೇ ಆಗಬೇಕಿಲ್ಲ ಅನ್ನುವುದು ಅವರ ನಿಲುವು. ಬಾಗಿಲು ದೊಡ್ಡದಾಯಿತು, ಆದರೆ ದಾರಾನಿಯ ಸಾಕ್ಷಿಗಳು ಹೊರಗುಳಿದರು. ಗುರು ಮಾತ್ರ ಇನ್ನೂ ಇದ್ದ, ದೀಕ್ಷೆಯೂ ಇತ್ತು. 1979ರಲ್ಲಿ ಅಮೆರಿಕದ ಜಾನ್ ಕಬಾತ್-ಜಿನ್ ಬೌದ್ಧ ಧ್ಯಾನವನ್ನು ಆಸ್ಪತ್ರೆಯ ಕೋರ್ಸ್ ಮಾಡಿದರು. ಅದು ನೋವು, ಒತ್ತಡ ತಾಳಿಕೊಳ್ಳುವುದಕ್ಕೆ; ದೇವರ ಮಾತು ಅಲ್ಲಿಲ್ಲ. ಆ್ಯಪ್‌ಗಳು ಇಲ್ಲಿಂದ ಸ್ವಲ್ಪ, ಅಲ್ಲಿಂದ ಸ್ವಲ್ಪ ಎತ್ತಿಕೊಂಡವು.

ನಲವತ್ತು ದಿನದ ‘ಚಿಲ್ಲಾ’, ಅಂದರೆ ಏಕಾಂತ ಧ್ಯಾನಕ್ಕೆ ಕೂತ ಸೂಫಿ ಶಿಷ್ಯ ತಾನು ಕಂಡದ್ದನ್ನು ಗುರುವಿಗೆ ಒಪ್ಪಿಸಬೇಕಿತ್ತು. ಅದು ದರ್ಶನವೋ ಮನಸ್ಸಿನ ಆಟವೋ ಅಂತ ಹೇಳುವುದು ಗುರುವಿನ ಕೆಲಸ. ಆ್ಯಪ್ ಹತ್ತು ನಿಮಿಷ ಮುಗಿದರೆ ಗಂಟೆ ಬಾರಿಸುತ್ತದೆ, ಅಷ್ಟೆ.