58% ಐರಿಶ್ ವಿಸ್ಕಿಗೆ ನೀರು ಹಾಕಿದರೆ ಹಾಳಾಗುತ್ತಾ?

ಓದುಗರ ಪ್ರಶ್ನೆ: “ಡಬ್ಲಿನ್‌ನಲ್ಲಿರುವ ನನ್ನ ತಮ್ಮ ಊರಿಗೆ ಬರುವಾಗ ರೆಡ್‌ಬ್ರೆಸ್ಟ್ 12 ಕಾಸ್ಕ್ ಸ್ಟ್ರೆಂತ್ ಅನ್ನುವ ಐರಿಶ್ ವಿಸ್ಕಿ ತಂದುಕೊಟ್ಟ. ಬಾಟಲಿ ಮೇಲೆ 58% ಆಲ್ಕೋಹಾಲ್ ಅಂತ ಇದೆ. ಒಂದು ಗುಟುಕು ಕುಡಿದರೆ ಬಾಯೆಲ್ಲ ಉರಿ, ಬೇರೇನೂ ಗೊತ್ತಾಗಲ್ಲ. ನೀರು ಹಾಕಿದರೆ ಇಷ್ಟು ದುಬಾರಿ ಮಾಲು ಹಾಳಾಗುತ್ತೆ ಅಂತ ಗೆಳೆಯರು ಹೇಳ್ತಾರೆ. ಇದು ಒಳ್ಳೇದೋ ಅಲ್ವೋ ಅಂತ ತಿಳಿಯೋದು ಹೇಗೆ?”

ಹಾಳಾಗಲ್ಲ, ಧೈರ್ಯವಾಗಿ ಹಾಕಿ. ಅಷ್ಟೇ ಅಲ್ಲ, ನೀರು ಹಾಕದೆ ಇಂಥ ವಿಸ್ಕಿಯನ್ನು ಅಳೆಯೋಕೆ ಆಗುವುದೇ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. 58%ನಲ್ಲಿ ಅದು ಎಷ್ಟು ಜೋರಾಗಿದೆ ಅಂತ ಮಾತ್ರ ತಿಳಿಯುತ್ತದೆ. ಸ್ವಲ್ಪ ಸ್ವಲ್ಪವೇ ನೀರು ಬೆರೆಸುತ್ತಾ ಹೋದಾಗ ಅದು ಹೇಗೆ ಬದಲಾಗುತ್ತದೆ, ಎಲ್ಲಿಯವರೆಗೆ ಗಟ್ಟಿಯಾಗಿ ನಿಲ್ಲುತ್ತದೆ ಅನ್ನುವುದರಲ್ಲೇ ಅದರ ಗುಣ ಇರುವುದು.

ಮೊದಲು ಆ 58% ಎಲ್ಲಿಂದ ಬಂತು ನೋಡೋಣ. ರೆಡ್‌ಬ್ರೆಸ್ಟ್ ತಯಾರಾಗುವುದು ಐರ್ಲೆಂಡಿನ ಕಾರ್ಕ್ ಕೌಂಟಿಯ ಮಿಡಲ್ಟನ್‌ನಲ್ಲಿ. ಭಟ್ಟಿ ಇಳಿಸಿದ ಹೊಸ ಮದ್ಯವನ್ನು 60%ಕ್ಕಿಂತ ಜಾಸ್ತಿ ಇರುವಾಗಲೇ ಮರದ ಪೀಪಾಯಿಗೆ ತುಂಬುತ್ತಾರೆ. ಅಲ್ಲಿನ ಹವೆ ತಂಪು, ತೇವ ಜಾಸ್ತಿ. ಅಂಥ ಕಡೆ ಪೀಪಾಯಿಯಿಂದ ನೀರಿಗಿಂತ ಆಲ್ಕೋಹಾಲೇ ಬೇಗ ಆವಿಯಾಗುತ್ತದೆ, ಆದ್ದರಿಂದ ವರ್ಷ ಕಳೆದಂತೆ ಶೇಕಡಾವಾರು ನಿಧಾನವಾಗಿ ಇಳಿಯುತ್ತದೆ. ಕನಿಷ್ಠ 12 ವರ್ಷ ಆದ ಮೇಲೆ ಪೀಪಾಯಿಗಳಲ್ಲಿ ಉಳಿದದ್ದನ್ನು ಸೇರಿಸಿ, ನೀರು ಬೆರೆಸದೆ ಬಾಟಲಿಗೆ ತುಂಬಿದರೆ ಅದೇ ಕಾಸ್ಕ್ ಸ್ಟ್ರೆಂತ್. ಮಾಮೂಲಿ ರೆಡ್‌ಬ್ರೆಸ್ಟ್ 12 ಇರುವುದು 40%. ಐರಿಶ್ ವಿಸ್ಕಿ ಅಂತ ಮಾರಲು ಕಾನೂನು ಕೇಳುವ ಕನಿಷ್ಠ ಮಟ್ಟವೂ ಅದೇ. ಅಂದರೆ ಅದಕ್ಕೆ ಕಂಪನಿಯವರೇ ನೀರು ಹಾಕಿ ಕಳಿಸುತ್ತಾರೆ, ಇದರಲ್ಲಿ ಆ ಕೆಲಸ ನಿಮಗೆ ಬಿಟ್ಟಿದ್ದಾರೆ. ಹೀಗಿರುವಾಗ ನೀರು ಹಾಕುವುದು ಅಪರಾಧ ಹೇಗಾಗುತ್ತದೆ, ಹೇಳಿ?

ಬಾಟಲಿ ಮೇಲಿನ ಇನ್ನೊಂದು ಲೆಕ್ಕವೂ ಜನರನ್ನು ಗಲಿಬಿಲಿ ಮಾಡುತ್ತದೆ, ಅದು ಮದ್ಯದ ಜೋರನ್ನು ಹೇಳುವ ‘ಪ್ರೂಫ್’. ಅಮೆರಿಕದಿಂದ ಬಂದ ಬಾಟಲಿಯಲ್ಲಿ ಇದೇ 58% ಅನ್ನು 116 ಪ್ರೂಫ್ ಅಂತ ಬರೆದಿರುತ್ತಾರೆ, ಯಾಕೆಂದರೆ ಅಲ್ಲಿ ಪ್ರೂಫ್ ಅಂದರೆ ಶೇಕಡಾವಾರಿನ ಎರಡರಷ್ಟು. ಹಳೆಯ ಬ್ರಿಟಿಷ್ ಲೆಕ್ಕದಲ್ಲಿ 100 ಪ್ರೂಫ್ ಅಂದರೆ ಸುಮಾರು 57.1%. ನಮ್ಮಲ್ಲಿ ಇವತ್ತಿಗೂ ನಡೆಯುತ್ತಿರುವುದು ಆ ಬ್ರಿಟಿಷ್ ಲೆಕ್ಕವೇ. ಇಲ್ಲಿನ ವಿಸ್ಕಿ ಬಾಟಲಿಗಳ ಮೇಲೆ ಕಾಣುವ 42.8% ಅದರ ಪ್ರಕಾರ 75 ಪ್ರೂಫ್. ಹಾಗಾಗಿ 75 ನೋಡಿ 116 ನೋಡಿದವರು ಹೆದರುವ ಮೊದಲು ಯಾವ ದೇಶದ ಪ್ರೂಫ್ ಅಂತ ಕೇಳಬೇಕು.

ಇನ್ನು ಉರಿಯ ವಿಷಯ. ಮೆಣಸಿನಕಾಯಿ ಕಚ್ಚಿದಾಗ ನಾಲಿಗೆಯಲ್ಲಿ ಯಾವ ನರದ ತುದಿಗಳು ಕೆರಳುತ್ತವೋ ಅವನ್ನೇ ಆಲ್ಕೋಹಾಲೂ ಕೆರಳಿಸುತ್ತದೆ. ಆ ತುದಿಗಳು ಸಾಮಾನ್ಯವಾಗಿ 42 ಡಿಗ್ರಿ ಸೆಲ್ಸಿಯಸ್ ಹತ್ತಿರದ ಬಿಸಿಗೆ ‘ಸುಡ್ತಿದೆ’ ಅಂತ ಮಿದುಳಿಗೆ ಹೇಳುತ್ತವೆ, ಆಲ್ಕೋಹಾಲ್ ತಗುಲಿದಾಗ ಆ ಮಿತಿ 34ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ನಮ್ಮ ಬಾಯಿಯ ಬಿಸಿಯೇ ಸುಡುವ ಹಾಗೆ ಅನ್ನಿಸುತ್ತದೆ. ಹೀಗೆ ಉರಿಯುವ ನಾಲಿಗೆಗೆ ಒಣದ್ರಾಕ್ಷಿ ಯಾವುದು, ಲವಂಗ ಯಾವುದು ಅಂತ ಬಿಡಿಸಿ ಹೇಳಲು ಪುರುಸೊತ್ತಿಲ್ಲ. ಇದು ನಿಮ್ಮ ದೌರ್ಬಲ್ಯ ಅಲ್ಲ. ಖಾರದ ಕೋಳಿ ಸಾರು ಊಟ ಮಾಡಿ ಇಂಥ ವಿಸ್ಕಿಯ ರುಚಿ ನೋಡಲು ಕೂರಬೇಡಿ ಅನ್ನುವುದಕ್ಕೂ ಕಾರಣ ಇದೇ. ಊಟಕ್ಕೆ ಮುಂಚೆ ನೋಡಿ, ಮಧ್ಯೆ ಮಧ್ಯೆ ಬರೀ ನೀರು ಕುಡಿಯಿರಿ.

ಈಗ ನೋಡುವ ಕ್ರಮ. 30 ಮಿ.ಲೀ. ಸಾಕು, 60 ಬೇಡವೇ ಬೇಡ. ಬಾಯಿ ಕಿರಿದಾಗಿ ಹೊಟ್ಟೆ ದಪ್ಪಗಿರುವ ಗ್ಲಾಸ್ ಇದ್ದರೆ ಒಳ್ಳೆಯದು, ವಿಸ್ಕಿಗೆಂದೇ ಮಾಡಿದ ಗ್ಲೆನ್‌ಕೇರ್ನ್ ಗ್ಲಾಸ್ ಸಿಕ್ಕರೆ ಸರಿ, ಇಲ್ಲದಿದ್ದರೆ ಸಣ್ಣ ವೈನ್ ಗ್ಲಾಸ್ ಆದರೂ ನಡೆಯುತ್ತದೆ. ಹಾಕಿ ಹತ್ತು ಹದಿನೈದು ನಿಮಿಷ ಸುಮ್ನೆ ಬಿಡಿ. ಮೂಗನ್ನು ಗ್ಲಾಸಿನೊಳಗೆ ತೂರಿಸಬೇಡಿ, ಈ ಮಟ್ಟದ ಘಾಟಿಗೆ ಒಂದೇ ಸಲಕ್ಕೆ ಮೂಗು ಮರಗಟ್ಟುತ್ತದೆ, ಆಮೇಲೆ ಸ್ವಲ್ಪ ಹೊತ್ತು ಏನೂ ಹತ್ತುವುದಿಲ್ಲ. ಗ್ಲಾಸನ್ನು ಗಲ್ಲದ ಹತ್ತಿರ ಹಿಡಿದು, ಬಾಯಿ ಸ್ವಲ್ಪ ತೆರೆದು ಮೆಲ್ಲಗೆ ಉಸಿರೆಳೆಯಿರಿ, ನಿಧಾನವಾಗಿ ಹತ್ತಿರ ತನ್ನಿ. ಮೊದಲ ಗುಟುಕು ತೀರಾ ಸಣ್ಣದಿರಲಿ. ಅದು ಬಾಯಿಯನ್ನು ಒಗ್ಗಿಸಲಿಕ್ಕೆ ಮಾತ್ರ, ಅದನ್ನು ಹಿಡಿದುಕೊಂಡು ಯಾವ ತೀರ್ಪನ್ನೂ ಕೊಡಬೇಡಿ. ನೀವು ಎಡವಿರುವುದು ಅಲ್ಲೇ ಅನ್ನಿಸುತ್ತದೆ, ಮೊದಲ ಗುಟುಕಿಗೇ ನಿಲ್ಲಿಸಿಬಿಟ್ಟಿದ್ದೀರಿ.

ಆಮೇಲೆ ಟೀ ಚಮಚ ತೆಗೆದುಕೊಳ್ಳಿ. ಒಂದು ಚಮಚ ಅಂದರೆ 5 ಮಿ.ಲೀ. 58% ಇರುವ 30 ಮಿ.ಲೀ.ಗೆ ಒಂದು ಚಮಚ ನೀರು ಬಿದ್ದರೆ ಅದು ಸುಮಾರು 50%ಕ್ಕೆ ಇಳಿಯುತ್ತದೆ. ಎರಡನೆಯದು ಬಿದ್ದರೆ 43.5%, ಅಂದರೆ ನಮಗೆ ರೂಢಿಯಾದ 42.8%ರ ಪಕ್ಕಕ್ಕೇ ಬಂತು. ಮೂರನೆಯದಕ್ಕೆ 39%ರ ಹತ್ತಿರ. ಪ್ರತಿ ಚಮಚ ಆದ ಮೇಲೂ ಒಂದೆರಡು ನಿಮಿಷ ಬಿಟ್ಟು, ಮೂಸಿ, ಒಂದು ಗುಟುಕು ನೋಡಿ. ನೀರು ಕ್ಲೋರಿನ್ ವಾಸನೆ ಇಲ್ಲದ್ದಾಗಿರಲಿ, ತೀರಾ ತಣ್ಣಗಿರುವುದು ಬೇಡ. ಐಸ್ ಅಂತೂ ಈ ಹೊತ್ತಿನಲ್ಲಿ ಬೇಡ, ತಂಪಾದರೆ ಪರಿಮಳ ಗ್ಲಾಸಿನಿಂದ ಮೇಲೇಳುವುದೇ ಇಲ್ಲ. ಅಳೆದು ಮುಗಿದ ಮೇಲೆ ನಿಮಗೆ ಹೇಗೆ ಬೇಕೋ ಹಾಗೆ ಕುಡಿಯಿರಿ.

ನೀರು ಬಿದ್ದಾಗ ಆಲ್ಕೋಹಾಲ್ ಕಡಿಮೆ ಆಗುವುದಷ್ಟೇ ಅಲ್ಲ, ಪರಿಮಳವೂ ಜಾಗ ಬದಲಿಸುತ್ತದೆ. 2017ರಲ್ಲಿ ಸ್ವೀಡನ್ನಿನ ಲಿನ್ನೇಯಸ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಕಂಪ್ಯೂಟರ್‌ನಲ್ಲಿ ಗ್ವಾಯಕಾಲ್ ಅನ್ನುವ ಒಂದು ಪರಿಮಳದ ಅಣುವನ್ನು ಇಟ್ಟುಕೊಂಡು ಲೆಕ್ಕ ಹಾಕಿ ನೋಡಿದರು. 45%ರವರೆಗೆ ಆ ಅಣು ದ್ರವದ ಮೇಲ್ಮೈಯಲ್ಲಿ, ನಮ್ಮ ಮೂಗಿಗೆ ಸಿಗುವ ಹಾಗೆ ಇರುತ್ತದೆ. 59% ದಾಟಿದರೆ ಆಲ್ಕೋಹಾಲ್ ಅದನ್ನು ಸುತ್ತುವರಿದು ಒಳಗೆ ಎಳೆದುಕೊಳ್ಳುತ್ತದೆ. ಗ್ವಾಯಕಾಲ್ ಹೆಚ್ಚಾಗಿ ಹೊಗೆಯ ಘಮದ ಸ್ಕಾಚ್‌ಗಳಲ್ಲಿ ಇರುವಂಥದ್ದು, ಆದ್ದರಿಂದ ಇದನ್ನೇ ರೆಡ್‌ಬ್ರೆಸ್ಟ್‌ನ ಎಲ್ಲ ವಾಸನೆಗಳಿಗೂ ಹಚ್ಚಿ ಹೇಳಲು ನಾನು ಒಪ್ಪುವುದಿಲ್ಲ. ಆದರೆ ವಿಸ್ಕಿ ಬೆರೆಸುವ ವೃತ್ತಿಯವರು ಮೂಸಿ ನೋಡುವಾಗ ಅದನ್ನು 20%ರ ಮಟ್ಟಕ್ಕೆ ಇಳಿಸಿಕೊಳ್ಳುವ ಪದ್ಧತಿ ಬಹಳ ಹಳೆಯದು. ಅದನ್ನೇ ಕೆಲಸ ಮಾಡಿಕೊಂಡವರು ನೀರು ಹಾಕುತ್ತಾರೆ ಅಂದಮೇಲೆ ನಾವು ಹಾಕಲು ಯಾಕೆ ನಾಚಬೇಕು?

ಹಾಗಾದರೆ ಏನನ್ನು ಹುಡುಕಬೇಕು? ಇಲ್ಲಿ ಇದು ಐರಿಶ್ ಅನ್ನುವುದು ನಿಜವಾಗಿಯೂ ಮುಖ್ಯ. ರೆಡ್‌ಬ್ರೆಸ್ಟ್ ಸಿಂಗಲ್ ಪಾಟ್ ಸ್ಟಿಲ್ ಜಾತಿಯದು. ಮೊಳಕೆ ಕಟ್ಟಿಸಿದ ಬಾರ್ಲಿಯ ಜೊತೆ ಮೊಳಕೆ ಬರಿಸದ ಹಸಿ ಬಾರ್ಲಿಯನ್ನೂ ಸೇರಿಸಿ, ತಾಮ್ರದ ಹಂಡೆಗಳಲ್ಲಿ ಮೂರು ಸಲ ಭಟ್ಟಿ ಇಳಿಸುತ್ತಾರೆ. ಈಗಿನ ನಿಯಮದ ಪ್ರಕಾರ ಎರಡೂ ಬಗೆಯ ಬಾರ್ಲಿ ತಲಾ ಕನಿಷ್ಠ 30% ಇರಲೇಬೇಕು. 18ನೇ ಶತಮಾನದಲ್ಲಿ ಮೊಳಕೆ ಬಾರ್ಲಿಯ ಮೇಲೆ ತೆರಿಗೆ ಬಿದ್ದಾಗ ಐರ್ಲೆಂಡಿನವರು ಹಸಿ ಬಾರ್ಲಿಯ ಕಡೆ ಹೆಚ್ಚು ವಾಲಿದರು, ತೆರಿಗೆ ಉಳಿಸಲು ಹಿಡಿದ ದಾರಿಯೇ ಕೊನೆಗೆ ಆ ನಾಡಿನ ರುಚಿಯಾಗಿ ನಿಂತಿತು. ಹಸಿ ಬಾರ್ಲಿ ಕೊಡುವುದು ಎರಡು ಗುಣ. ಒಂದು, ನಾಲಿಗೆಗೆ ಹತ್ತಿಕೊಳ್ಳುವ ಬೆಣ್ಣೆಯಂಥ ಜಿಡ್ಡು. ಇನ್ನೊಂದು, ಶುಂಠಿ, ಲವಂಗದ ಕಡೆಯ ಸಣ್ಣ ಖಾರ. ಉರಿ ಬೇರೆ, ಈ ಖಾರ ಬೇರೆ. ಉರಿ ನೀರು ಹಾಕಿದಂತೆ ಕಡಿಮೆಯಾಗುತ್ತದೆ, ಈ ಖಾರ ನೀರು ಬಿದ್ದ ಮೇಲೆ ಇನ್ನೂ ಸ್ಪಷ್ಟವಾಗುತ್ತದೆ. ಇವೆರಡನ್ನು ಬೇರೆ ಬೇರೆಯಾಗಿ ಗುರುತಿಸಲು ಬಂದ ದಿನ ನಿಮ್ಮ ಅರ್ಧ ಕೆಲಸ ಆಯಿತು ಅಂದುಕೊಳ್ಳಿ.

ಇದರ ಮೇಲೆ ಶೆರಿ ಅನ್ನುವ ಸ್ಪೇನಿನ ವೈನ್ ಇಟ್ಟಿದ್ದ ಪೀಪಾಯಿಯ ಗುಣ. ರೆಡ್‌ಬ್ರೆಸ್ಟ್ ಹೆಸರು ಬಳಕೆಗೆ ಬಂದದ್ದು 1912ರಲ್ಲಿ, ಡಬ್ಲಿನ್‌ನ ಗಿಲ್ಬೀಸ್ ಅನ್ನುವ ವೈನ್ ವ್ಯಾಪಾರಿಗಳಿಂದ. ಅವರಲ್ಲಿ ಆಮದಾದ ಶೆರಿಯ ಖಾಲಿ ಪೀಪಾಯಿಗಳು ಬೇಕಾದಷ್ಟಿದ್ದವು, ವಿಸ್ಕಿಯನ್ನು ಅವುಗಳಲ್ಲೇ ತುಂಬಿಡುತ್ತಿದ್ದರು. ಇವತ್ತಿಗೂ ಅಮೆರಿಕದ ಬರ್ಬನ್ ವಿಸ್ಕಿಯ ಪೀಪಾಯಿಗಳ ಜೊತೆಗೆ ಒಲೊರೊಸೊ ಅನ್ನುವ ಬಗೆಯ ಶೆರಿಯ ಪೀಪಾಯಿಗಳನ್ನು ಬಳಸುತ್ತಾರೆ. ಒಣದ್ರಾಕ್ಷಿ, ಅಂಜೂರ, ಹುರಿದ ಬಾದಾಮಿಯ ಕಡೆಯ ವಾಸನೆಗಳು ಶೆರಿಯಿಂದ, ವೆನಿಲ್ಲಾ ಬರ್ಬನ್ ಪೀಪಾಯಿಯಿಂದ. ಎರಡನೆಯ ಚಮಚದ ಹೊತ್ತಿಗೆ ಇವು ಒಂದೊಂದಾಗಿ ಬಿಡಿಸಿಕೊಂಡು ಬರಬೇಕು. ಎಲ್ಲವೂ ನಿಮಗೆ ಸಿಗಲೇಬೇಕು ಅಂತೇನಿಲ್ಲ. ನಿಮ್ಮ ಮೂಗಿಗೆ ಖರ್ಜೂರ ಅನ್ನಿಸಿದರೆ ಖರ್ಜೂರವೇ, ಬಾಟಲಿ ಹಿಂದೆ ಬರೆದದ್ದನ್ನು ಒಪ್ಪಿಸುವ ಪರೀಕ್ಷೆ ಇದಲ್ಲ.

ದೋಷಗಳೂ ನೀರು ಬಿದ್ದಾಗಲೇ ಹೊರಬೀಳುತ್ತವೆ. ಉಗುರುಬಣ್ಣ ಒರೆಸುವ ದ್ರವದ ವಾಸನೆ ಎಷ್ಟು ಹೊತ್ತಾದರೂ ಹೋಗದಿದ್ದರೆ, ನೆನೆದ ರಟ್ಟಿನ ವಾಸನೆ ಬಂದರೆ, ಗೀರಿದ ಬೆಂಕಿಕಡ್ಡಿಯ ಗಂಧಕದ ವಾಸನೆ ಬಂದರೆ, ಕೊನೆಯಲ್ಲಿ ಮರದ ಒಗರು ಮಾತ್ರ ಬಾಯಿ ಹಿಡಿದುಕೊಂಡರೆ ಅಂಕ ಕಡಿಮೆ ಮಾಡಿ. ಬಣ್ಣ ಕಡು ಇದೆ ಅಂತ ಅಂಕ ಕೊಡಬೇಡಿ, ಐರಿಶ್ ವಿಸ್ಕಿಗೆ ಕ್ಯಾರಮೆಲ್ ಬಣ್ಣ ಸೇರಿಸಲು ಕಾನೂನಿನಲ್ಲೇ ಅವಕಾಶ ಇದೆ. ನೀರು ಬಿದ್ದ ಕೂಡಲೇ ಸ್ವಲ್ಪ ಮಸುಕಾದರೆ ಗಾಬರಿ ಬೇಡ. ಇದನ್ನು ತಣ್ಣಗೆ ಮಾಡಿ ಸೋಸಿರುವುದಿಲ್ಲ, ಹಾಗಾಗಿ ಆಲ್ಕೋಹಾಲಿನಲ್ಲಿ ಕರಗಿದ್ದ ಜಿಡ್ಡಿನ ಅಂಶಗಳು ನೀರು ಹೆಚ್ಚಾದಾಗ ಹೊರಗೆ ಕಾಣಿಸಿಕೊಳ್ಳುತ್ತವೆ. ನಾಲಿಗೆಗೆ ಹಿತ ಕೊಡುವುದು ಅವೇ.

ನನ್ನ ತೀರ್ಪಿಗೆ ನಾನು ಇಟ್ಟುಕೊಂಡಿರುವ ಕೊನೆಯ ಅಳತೆ ಮೂರನೆಯ ಚಮಚ. 40%ರ ಆಸುಪಾಸಿಗೆ ಬಂದಾಗಲೂ ಜಿಡ್ಡು ಉಳಿದಿದೆಯಾ, ನುಂಗಿದ ಮೇಲೆ ರುಚಿ ಇನ್ನೂ ಬಾಯಲ್ಲಿದೆಯಾ? ಸಾಧಾರಣ ವಿಸ್ಕಿ ಇಲ್ಲಿ ತೆಳ್ಳಗಾಗಿ ನೀರಾಗಿಬಿಡುತ್ತದೆ, ಅದರಲ್ಲಿದ್ದ ದೊಡ್ಡಸ್ತಿಕೆಯೆಲ್ಲ ಆಲ್ಕೋಹಾಲಿನದ್ದೇ ಅಂತ ಆಗ ಗೊತ್ತಾಗುತ್ತದೆ. ರೆಡ್‌ಬ್ರೆಸ್ಟ್ ಕಾಸ್ಕ್ ಸ್ಟ್ರೆಂತ್ ಇಲ್ಲಿ ನಿಲ್ಲುತ್ತದೆ, ಅದಕ್ಕೇ ನನಗೆ ಅದರ ಮೇಲೆ ಇಷ್ಟು ಪ್ರೀತಿ. ಸಾಧ್ಯವಾದರೆ ಮಾಮೂಲಿ 12 ಅನ್ನೂ ಪಕ್ಕದಲ್ಲಿಟ್ಟು ಎರಡನ್ನೂ ಒಂದೇ ಮಟ್ಟದಲ್ಲಿ ಹೋಲಿಸಿ ನೋಡಿ, ಕೊಟ್ಟ ಹೆಚ್ಚಿನ ದುಡ್ಡು ಯಾವುದಕ್ಕೆ ಅಂತ ನಿಮಗೇ ತಿಳಿಯುತ್ತದೆ. ಲೇಬಲ್ ಮೇಲೆ ಬ್ಯಾಚ್ ಸಂಖ್ಯೆ ಇರುತ್ತದೆ, ಅದನ್ನೂ ಬರೆದಿಟ್ಟುಕೊಳ್ಳಿ. ಬ್ಯಾಚಿನಿಂದ ಬ್ಯಾಚಿಗೆ ಶೇಕಡಾವಾರೂ ಬದಲಾಗುತ್ತದೆ, ರುಚಿಯೂ ಸ್ವಲ್ಪ ಬದಲಾಗುತ್ತದೆ, ನಿಮ್ಮದು ಇನ್ನೊಬ್ಬರ ವರ್ಣನೆಗೆ ಹೊಂದದೇ ಇದ್ದರೆ ಅದೂ ಒಂದು ಕಾರಣ.

ಇನ್ನೊಂದು ಲೆಕ್ಕ ಮರೆಯಬೇಡಿ. ಇದರ 30 ಮಿ.ಲೀ.ಯಲ್ಲಿ ಇರುವ ಆಲ್ಕೋಹಾಲ್ ನಮ್ಮ ಮಾಮೂಲಿ ವಿಸ್ಕಿಯ 40 ಮಿ.ಲೀ.ಗೆ ಸಮ. ಎರಡು ಪೆಗ್ ಅಂತ ಅಂದುಕೊಂಡು ಕುಡಿದರೂ ದೇಹಕ್ಕೆ ಅದು ಎರಡೂವರೆ ದಾಟಿರುತ್ತದೆ, ನೀರು ಎಷ್ಟು ಬೆರೆಸಿದರೂ ಈ ಲೆಕ್ಕ ಬದಲಾಗಲ್ಲ. ಗಾಡಿ ಓಡಿಸುವ ದಿನ ಬಾಟಲಿ ತೆಗೆಯಲೇಬೇಡಿ. ಉಳಿದದ್ದನ್ನು ಬಿಸಿಲು ಬೀಳದ ಕಡೆ ನೆಟ್ಟಗೆ ನಿಲ್ಲಿಸಿಡಿ. ವೈನ್ ಬಾಟಲಿಯ ಹಾಗೆ ಮಲಗಿಸಿಟ್ಟರೆ ಇಷ್ಟು ಜೋರಿನ ಆಲ್ಕೋಹಾಲ್ ಕಾರ್ಕನ್ನು ತಿಂದು ಪುಡಿ ಮಾಡಿಬಿಡುತ್ತದೆ.