ಪಕ್ಕದಲ್ಲಿ ಓಡುವವರ ಕಿವಿ

ಮೊಣಕಾಲು ನೋವು ಅಂತ ಬರುವ ಓಟಗಾರರಿಗೆ ನಾನು ಮೊದಲು ಕೇಳುವುದು ಶೂ ಬಗ್ಗೆ ಅಲ್ಲ. "ಯಾರ ಜೊತೆ ಓಡ್ತೀರಿ?" ಅಂತ. ಫಿಸಿಯೋಥೆರಪಿಸ್ಟ್‌ಗೆ ಇದೆಲ್ಲ ಯಾಕೆ ಬೇಕು ಅನ್ನುವ ಹಾಗೆ ಮುಖ ನೋಡುತ್ತಾರೆ. "ಒಬ್ಬನೇ, ಕಿವಿಗೆ ಇಯರ್‌ಫೋನ್ ಹಾಕ್ಕೊಂಡು" ಅಂದರೆ ನನಗೆ ಅರ್ಧ ಕಥೆ ಸಿಕ್ಕಿದ ಹಾಗೆ.

ಗೆಳೆಯರಿದ್ದರೆ ಜೋರಾಗಿ ಓಡಬಹುದು ಅನ್ನುವುದು ಎಲ್ಲರ ಲೆಕ್ಕ. ನನ್ನ ಲೆಕ್ಕ ಉಲ್ಟಾ. ಒಳ್ಳೆಯ ಜೊತೆಗಾರ ನಿಮ್ಮನ್ನು ನಿಧಾನ ಮಾಡುತ್ತಾನೆ. ಒಬ್ಬರೇ ಓಡುವಾಗ ಪೈಪೋಟಿ ಕೈಯಲ್ಲಿರುವ ವಾಚ್ ಜೊತೆ. ನಿನ್ನೆಗಿಂತ ಹತ್ತು ಸೆಕೆಂಡ್ ಬೇಗ, ನಾಳೆ ಇನ್ನೂ ಹತ್ತು. ಉಸಿರು ಕೆಲವೇ ವಾರಗಳಲ್ಲಿ ಪಳಗಿಬಿಡುತ್ತದೆ. ಆದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು, ಮೂಳೆ ಗಟ್ಟಿಯಾಗಲು ತಿಂಗಳುಗಳು ಬೇಕು. "ಸುಸ್ತೇ ಆಗ್ತಿಲ್ಲ, ಇನ್ನೂ ಓಡಬಹುದು" ಅನ್ನಿಸುವ ಆ ಸಮಯದಲ್ಲೇ ಜನ ಕುಂಟುತ್ತಾ ನನ್ನ ಹತ್ತಿರ ಬರುವುದು.

ಮಾತಾಡುತ್ತಾ ಓಡುವವರಿಗೆ ಈ ಕಾಟ ಕಡಿಮೆ. ಪೂರ್ತಿ ವಾಕ್ಯ ಹೇಳಲು ಆಗುತ್ತಿದೆ, ಹಾಡಲು ಆಗುತ್ತಿಲ್ಲ ಅಂದರೆ ಅದು ದೇಹಕ್ಕೆ ಹಿತವಾದ ವೇಗ. ಎರಡು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳಬೇಕಾದರೆ ಜಾಸ್ತಿ ಆಯಿತು. ನಾವು ಇದನ್ನು ಟಾಕ್ ಟೆಸ್ಟ್ ಅನ್ನುತ್ತೇವೆ. ವಾರದ ಹೆಚ್ಚಿನ ಓಟವೆಲ್ಲ ಈ ವೇಗದಲ್ಲೇ ಇರಬೇಕು. ಒಬ್ಬರೇ ಓಡುವಾಗ ಈ ಪರೀಕ್ಷೆ ಮಾಡಿಕೊಳ್ಳೋಕೆ ಸುಮ್ನೆ ಗೊಣಗಬೇಕಾಗುತ್ತದೆ, ಯಾರು ಮಾಡ್ತಾರೆ? ಗೆಳತಿ ಪಕ್ಕದಲ್ಲಿದ್ದರೆ ಹರಟೆಯಲ್ಲೇ ಪರೀಕ್ಷೆ ನಡೆದಿರುತ್ತದೆ.

ಇನ್ನೊಂದು ಲಾಭ ನನಗೆ ಗೊತ್ತಾಗಿದ್ದು ಒಬ್ಬ ಮಹಿಳೆಯಿಂದ. ಆಕೆಗೆ ನೋವೇನೂ ಹೆಚ್ಚಿರಲಿಲ್ಲ. ಕೈ ಹಿಡಿದು ಕರೆದುಕೊಂಡು ಬಂದಿದ್ದು ಜೊತೆಗೆ ಓಡುವ ಗೆಳತಿ. "ಮೂರು ದಿನದಿಂದ ಇವಳ ಬಲಗಾಲು ಟಪ್ ಟಪ್ ಅಂತಿದೆ ಡಾಕ್ಟ್ರೇ. ಎಡಗಾಲು ಸುಮ್ನಿದೆ." ನಡೆಸಿ ನೋಡಿದೆ, ಏನೂ ಕಾಣಲಿಲ್ಲ. ಟ್ರೆಡ್‌ಮಿಲ್ ಮೇಲೆ ಓಡಿಸಿದೆ. ಹತ್ತು ನಿಮಿಷ ಕಳೆದ ಮೇಲೆ ನನಗೂ ಕೇಳಿಸಿತು. ಕಾಲು ಸೋತು ಪಾದ ಮೆತ್ತಗೆ ಇಳಿಯದೆ ಬೆಲ್ಟಿಗೆ ಬಡಿಯುತ್ತಿತ್ತು. ಮೊಣಕಾಲ ಕೆಳಗಿನ ಮೂಳೆಯ ಒಳಅಂಚನ್ನು ಹೆಬ್ಬೆರಳಲ್ಲಿ ಒತ್ತುತ್ತಾ ಹೋದಾಗ ಅಂಗೈಯಷ್ಟು ಉದ್ದಕ್ಕೂ "ಸ್ಸ್" ಅಂದರು. ಉದ್ದಕ್ಕೂ ನೋವಿದ್ದರೆ ಒಂದು ರೀತಿ ಸಮಾಧಾನ. ಒಂದೇ ಚುಕ್ಕೆಯಲ್ಲಿ ಚುಚ್ಚಿದ ಹಾಗೆ ನೋವಾದರೆ ಮೂಳೆ ಬಿರುಕಿನ ಭಯ. ಕೆಲವು ವಾರ ಓಟ ಕಡಿಮೆ ಮಾಡಿ, ಕಾಲಿಗೆ ಬಲ ಕೊಡುವ ವ್ಯಾಯಾಮ ಮಾಡಿದರು, ಸರಿಹೋಯಿತು. ಗೆಳತಿ ಕಿವಿಗೊಡದೇ ಇದ್ದಿದ್ದರೆ ಇನ್ನೂ ಒಂದು ತಿಂಗಳು ಬಿಟ್ಟು ಬರುತ್ತಿದ್ದರೋ ಏನೋ. ನಮ್ಮ ಹೆಜ್ಜೆ ಸದ್ದು ನಮಗೇ ಕೇಳುವುದಿಲ್ಲ, ಅಲ್ವಾ?

ಬೆಳಗ್ಗೆ ಏಳಲು ಗೆಳೆಯರು ಬೇಕು ಅನ್ನುವುದು ಹಳೇ ಮಾತು, ನಿಜವೂ ಹೌದು. ಮೂಲೆಯಲ್ಲಿ ಒಬ್ಬ ಕಾಯುತ್ತಾ ನಿಂತಿದ್ದಾನೆ ಅಂತ ಗೊತ್ತಿದ್ದರೆ ಅಲಾರಾಂ ಆರಿಸಿ ಮತ್ತೆ ಮಲಗುವುದು ಕಷ್ಟ. 2017ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಸುಮಾರು 11 ಲಕ್ಷ ಓಟಗಾರರ ದಾಖಲೆ ನೋಡಿತ್ತು. ಒಂದು ಊರಲ್ಲಿ ಮಳೆ ಬಂದು ಒಬ್ಬ ಓಡದೇ ಕೂತರೆ, ಬೇರೆ ಊರಲ್ಲಿರುವ ಅವನ ಗೆಳೆಯನ ಓಟವೂ ಇಳಿಯುತ್ತಿತ್ತು. ಹವೆ ಚೆನ್ನಾಗಿದ್ದು ಇವನು ಓಡಿದರೆ ಅವನೂ ಓಡುತ್ತಿದ್ದ. ನನಗೆ ಇಷ್ಟವಾಗಿದ್ದು ಇನ್ನೊಂದು ಅಂಶ. ಕಡಿಮೆ ಓಡುವವರು ಜಾಸ್ತಿ ಓಡುವವರನ್ನು ಎಬ್ಬಿಸುತ್ತಾರೆ. ಹಿಂದಿರುವವನು ಹತ್ತಿರ ಬಂದುಬಿಟ್ಟರೆ ಅನ್ನುವ ಅಳುಕು ಇರಬೇಕು!

2009ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ದೋಣಿ ಹುಟ್ಟು ಹಾಕುವವರ ಮೇಲೆ ಪರೀಕ್ಷೆ ನಡೆದಿತ್ತು. ಒಬ್ಬರೇ ಮಾಡಿದಾಗಲೂ ಗುಂಪಲ್ಲಿ ಮಾಡಿದಾಗಲೂ ಶ್ರಮ ಒಂದೇ. ಆದರೆ ಗುಂಪಲ್ಲಿ ಹುಟ್ಟು ಹಾಕಿದ ಮೇಲೆ ನೋವು ತಾಳುವ ಶಕ್ತಿ ಹೆಚ್ಚಿತ್ತು. ನೋವು ತಗ್ಗಿಸಲು ದೇಹವೇ ತಯಾರಿಸುವ ಎಂಡಾರ್ಫಿನ್ ಅನ್ನುವ ರಾಸಾಯನಿಕ ಕಾರಣ ಅನ್ನುವುದು ಸಂಶೋಧಕರ ಊಹೆ. ಇದು ಒಳ್ಳೆಯದೇ, ಆದರೆ ನನ್ನಂಥವರಿಗೆ ಸ್ವಲ್ಪ ತಲೆನೋವು. ನೋವು ತಡವಾಗಿ ಗೊತ್ತಾದರೆ ನಿಲ್ಲಿಸುವುದೂ ತಡ. ಅದಕ್ಕೇ ಗುಂಪಿನ ಓಟ ಮುಗಿದು ಮನೆಗೆ ಹೋದ ಮೇಲೆ ಒಂದು ಸಲ ಕಾಲು ಮುಟ್ಟಿ ನೋಡಿಕೊಳ್ಳಿ.

ಎಲ್ಲ ಜೊತೆಯೂ ಒಳ್ಳೆಯದಲ್ಲ. ಕೆಲವರು ಯಾವಾಗಲೂ ಅರ್ಧ ಹೆಜ್ಜೆ ಮುಂದೆ. ನೀವು ಸೇರಿಕೊಂಡರೆ ಅವರು ಮತ್ತೆ ಅರ್ಧ ಹೆಜ್ಜೆ. ಒಂದೇ ತಿಂಗಳಲ್ಲಿ ಇಬ್ಬರು ಗೆಳೆಯರು ಬೇರೆ ಬೇರೆ ದಿನ ಹಿಮ್ಮಡಿ ನೋವು ಅಂತ ಬಂದಿದ್ದರು. ಇಬ್ಬರದ್ದೂ ಒಂದೇ ದೂರು: "ಅವನು ಸಿಕ್ಕಾಪಟ್ಟೆ ಜೋರಾಗಿ ಓಡ್ತಾನೆ, ನಾನು ಸಮ ಮಾಡೋಕೆ ಹೋಗಿ ಹೀಗಾಯ್ತು." ಇಬ್ಬರನ್ನೂ ಒಟ್ಟಿಗೆ ಕೂರಿಸಿ ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನಗು.

ಅವರಿಗೆ ಹೇಳಿದ್ದು ಇಷ್ಟೇ. ಅವತ್ತು ಯಾರು ನಿಧಾನವೋ ಅವರೇ ವೇಗ ಹೇಳಬೇಕು, ಇನ್ನೊಬ್ಬರು ಕಥೆ ಹೇಳಬೇಕು. ಜೋರು ಓಟದ ದಿನ ಶುರುವಿನ ಹತ್ತು ನಿಮಿಷ, ಕೊನೆಯ ಹತ್ತು ನಿಮಿಷ ಮಾತ್ರ ಜೊತೆ. ನಡುವೆ ಅವರವರ ದಾರಿ ಅವರವರಿಗೆ.